ಮಗು ಸಾಕುವ ಗಂಡಸು ದಂಡಪಿಂಡವೇ?



ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿಯಲ್ಲಿ ಬೆಳಗಿನ ಹೊತ್ತು ಒಮ್ಮೆ ನಿಂತು ನೋಡಿ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಬುತ್ತಿ ಹಿಡಿದು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾರೆ. ನಮ್ಮಂಥ ಎರಡು-ಮೂರು ಎಕರೆಯವರ ಮನೆ ಸೊಸೆಯಂದಿರೂ ಅವರಲ್ಲಿದ್ದಾರೆ. ಭತ್ತದ ದುಡ್ಡು ಗೊಬ್ಬರದಂಗಡಿ ಬಾಕಿಗೇ ಸರಿಹೋಗುತ್ತೆ. ಸಂಘದ ವಾರದ ಕಂತು ಕಟ್ಟೋದು ಆಕೆಯ ಸಂಬಳದಲ್ಲಿ.

ಹಾಗಾದರೆ ಕೂಸನ್ನು ನೋಡೋರು ಯಾರು? ಅತ್ತೆ ಇದ್ದರೆ ಅತ್ತೆ. ಇಲ್ಲದ ಕಡೆ ಗಂಡನೇ ಗಂಜಿ ಕಾಯಿಸಿ, ಕುಂಡಿ ತೊಳೆದು, ಅಂಗನವಾಡಿಗೆ ಬಿಟ್ಟು, ಮಧ್ಯೆ ಗದ್ದೆಗೆ ನೀರು ಕಟ್ಟಿ ಬರ್ತಾನೆ. ಅವನನ್ನು ಕಂಡರೆ ಅರಳೀಕಟ್ಟೆ ಮೇಲಿನವರಿಗೆ ನಗು: ‘ಹೆಂಡ್ತಿ ದುಡೀತಾಳೆ, ಇವ್ನು ತೊಟ್ಟಿಲು ತೂಗ್ತಾನೆ.’ ಕಟ್ಟೆ ಮೇಲೆ ಇಸ್ಪೀಟು ಆಡೋನನ್ನು ಮಾತ್ರ ಯಾರೂ ದಂಡಪಿಂಡ ಅನ್ನೋದಿಲ್ಲ, ಗಮನಿಸಿ.

ಗಂಡಸು ಹೊರಗೆ, ಹೆಂಗಸು ಒಳಗೆ ಎಂಬ ಏರ್ಪಾಡು ಭದ್ರಾವತಿಯಲ್ಲಿ ಕಾರ್ಖಾನೆ ಸಂಬಳ ಇದ್ದಷ್ಟು ದಿನ ನಡೀತು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಆದರೆ ಕೆಲಸ ಹೋಗಿ ಮನೇಲಿ ಕೂತವನು ಬೇರೆ, ಮನೆ ಕೆಲಸ ಹೊತ್ತವನು ಬೇರೆ. ಗಾರ್ಮೆಂಟ್ಸಿಂದ ಸುಸ್ತಾಗಿ ಬಂದವಳೇ ಮತ್ತೆ ಒಲೆ ಹಚ್ಚಬೇಕು ಅಂದರೆ ಅವಳಿಗೆ ಎರಡು ಪಾಳಿ, ಅಷ್ಟೆ.

ಬೆಂಬಲ ಬೆಲೆ ಲೆಕ್ಕದಲ್ಲಿ ಮನೆಯವರ ದುಡಿಮೆಗೂ ಕೂಲಿ ಹಿಡೀರಿ ಅಂತ ಕೇಳೋರು ನಾವು. 2018ರಿಂದ ಕೇಂದ್ರ ಸರ್ಕಾರ ಹೇಳುವ ಒಂದೂವರೆ ಪಟ್ಟಿನ ಲೆಕ್ಕದಲ್ಲಿ ಅದು ಸೇರಿದೆ. ಸ್ವಂತ ಜಮೀನಿನ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿ ಸೇರಿಲ್ಲ. ಆ ಜಗಳ ಇದ್ದೇ ಇದೆ. ಆದರೆ ಆಳುಗಳಿಗೆ ಬೇಯಿಸಿ ಹಾಕಿದ್ದು, ಕೂಸು ಸಾಕಿದ್ದು ಯಾವ ಲೆಕ್ಕಕ್ಕೂ ಬಂದಿಲ್ಲ. ದೆಹಲಿ ಹಾಳಾಗಲಿ, ನಮ್ಮ ಮನೆ ಲೆಕ್ಕದಲ್ಲೂ ಇಲ್ಲವಲ್ಲ! ಹೆಂಗಸು ಮಾಡಿದಾಗ ಬೆಲೆ ಕಟ್ಟಲಿಲ್ಲ. ಅದಕ್ಕೇ ಗಂಡಸು ಮಾಡಿದರೆ ನಮಗೆ ನಗು ಬರೋದು.

ಸರ್ಕಾರವೂ ನಮ್ಮ ಹಾಗೇ. 2017ರ ತಿದ್ದುಪಡಿಯಲ್ಲಿ ಕಾರ್ಖಾನೆಯ ತಾಯಿಗೆ 26 ವಾರದ ಸಂಬಳದ ರಜೆ ಬಂತು, ಒಳ್ಳೇದೇ. ಅಪ್ಪನಿಗೆ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ. ಖಾಸಗಿ ಕಾರ್ಖಾನೆಯವನಿಗೆ ಆ ಕಾನೂನಿನಲ್ಲಿ ಒಂದು ದಿನವೂ ಇಲ್ಲ.

2023ರಲ್ಲಿ ರಾಜ್ಯ ಸರ್ಕಾರ ಪಂಚಾಯ್ತಿಗಳಿಗೆ ‘ಕೂಸಿನ ಮನೆ’ ಯೋಜನೆ ತಂತು. ಮುಂದಿನ ಗ್ರಾಮಸಭೆಯಲ್ಲಿ ಕೇಳಿ: ನಮ್ಮಲ್ಲಿ ಅದು ಇದೆಯೇ, ಇದ್ದರೆ ಎಷ್ಟು ಗಂಟೆಗೆ ಬಾಗಿಲು ಹಾಕ್ತಾರೆ? ಗಾರ್ಮೆಂಟ್ಸಿನವರು ವಾಪಸ್ ಬರೋ ತನಕ ತೆರೆದಿರಬೇಕು ಅಂತ ಗಂಡಸರೇ ಎದ್ದು ನಿಂತು ಕೇಳಿ. ಕಂಕುಳಲ್ಲಿ ಕೂಸು ಇದ್ದರೆ ಇರಲಿ.