ಕಡಲಿಗೂ ಒಂದು ರಜೆ ಬೇಡವೇ?

ಥಾಯ್ಲೆಂಡಿನ ದ್ವೀಪಗಳು ಇಂದು ನಮಗೆ ದೂರದ ಮಾತಾಗಿ ಉಳಿದಿಲ್ಲ. ಬೆಂಗಳೂರಿನಿಂದ ಫುಕೆಟ್ ದ್ವೀಪಕ್ಕೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಮಲೆನಾಡಿನ ಎಷ್ಟೋ ಊರುಗಳಿಂದ ಬಸ್ಸಿನಲ್ಲಿ ಬೆಂಗಳೂರು ಮುಟ್ಟಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. 2023ರ ನವೆಂಬರಿನಲ್ಲಿ ಆ ದೇಶ ಭಾರತೀಯರಿಗೆ ವೀಸಾ ಇಲ್ಲದ ಪ್ರವೇಶವನ್ನು ಜಾರಿಗೆ ತಂದಿತು. 2024ರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಅಲ್ಲಿಗೆ ಹೋಗಿಬಂದರು. ನಮ್ಮ ಊರುಗಳಲ್ಲಿ ಓದಿ ನಗರದಲ್ಲಿ ನೌಕರಿ ಹಿಡಿದ ಮಕ್ಕಳೂ ಆ ಲೆಕ್ಕದಲ್ಲಿದ್ದಾರೆ. ಆದ್ದರಿಂದ ಇದು ಪರರ ವಿಷಯವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ಇಂಥ ಪ್ರವಾಸಕ್ಕೆ ಹೊರಡುವವರು ಒಂದು ಪಟ್ಟಿ ಮಾಡುತ್ತಾರೆ. ವಿಮಾನದ ದರ, ಹೋಟೆಲಿನ ಬಾಡಿಗೆ, ಯಾವ ತೀರದಲ್ಲಿ ಈಜು, ಯಾವ ದಿನ ವೇಗದ ದೋಣಿಯಲ್ಲಿ ನಾಲ್ಕು ದ್ವೀಪಗಳ ದರ್ಶನ, ಯಾವ ತಿಂಗಳಲ್ಲಿ ಮಳೆಯಿಲ್ಲ ಎಂಬುದೆಲ್ಲ ಅದರಲ್ಲಿರುತ್ತದೆ. ಹೋಟೆಲಿನ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ಬಿಸಾಡಿದ ಬಾಟಲಿ ಎಲ್ಲಿಗೆ ಹೋಗುತ್ತದೆ, ದೋಣಿಯ ಲಂಗರು ಯಾವುದರ ಮೇಲೆ ಬೀಳುತ್ತದೆ, ಹೋಟೆಲು ನಿಂತ ಜಾಗದಲ್ಲಿ ಮೊದಲು ಯಾರಿದ್ದರು ಎಂಬುದು ಆ ಪಟ್ಟಿಯಲ್ಲಿರುವುದಿಲ್ಲ. ಹೋಗಿಬರುವ 4,600 ಕಿಲೋಮೀಟರ್ ಹಾರಾಟದಲ್ಲಿ ತಲೆಗೆ ನಾನೂರು ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದಕ್ಕೂ ಅಲ್ಲಿ ಜಾಗವಿಲ್ಲ. ಹೊರಟವನು ಕಟ್ಟುವ ಹಣವಷ್ಟೇ ಖರ್ಚೆಂದು ತಿಳಿದವನ ಪಟ್ಟಿ ಅದು. ಉಳಿದ ಖರ್ಚನ್ನು ದ್ವೀಪ ಕಟ್ಟುತ್ತದೆ.

ಒಂದು ನೆಲ, ಒಂದು ನೀರು ಎಷ್ಟು ಜನರನ್ನು ತಾಳಬಲ್ಲುದೆಂಬುದನ್ನು ಮೊದಲು ಗೊತ್ತುಮಾಡಿ, ಆಮೇಲೆ ಅತಿಥಿಗಳನ್ನು ಕರೆಯಬೇಕು. ಕರೆದು, ಕೆಡಿಸಿ, ಆಮೇಲೆ ಲೆಕ್ಕ ಹಾಕುವುದು ಅಭಿವೃದ್ಧಿಯಲ್ಲ. ಈ ಲೇಖನದ ವಾದ ಇಷ್ಟೇ.

ಸಿನಿಮಾ ಕೆಡಿಸಿದ ತೀರ

ಕ್ರಾಬಿ ಪ್ರಾಂತ್ಯದ ಫಿ ಫಿ ಲೇ ಎಂಬ ಪುಟ್ಟ ದ್ವೀಪದಲ್ಲಿ ಮಾಯಾ ಕೊಲ್ಲಿಯಿದೆ. ಸುತ್ತ ಸುಣ್ಣಕಲ್ಲಿನ ಎತ್ತರದ ಗೋಡೆಗಳು, ನಡುವೆ ಇನ್ನೂರೈವತ್ತು ಮೀಟರ್ ಉದ್ದದ ಬಿಳಿ ಮರಳು. 1983ರಿಂದ ಇದು ರಾಷ್ಟ್ರೀಯ ಉದ್ಯಾನದ ಭಾಗ. ಆದರೂ 1999ರಲ್ಲಿ 'ದಿ ಬೀಚ್' ಎಂಬ ಹಾಲಿವುಡ್ ಚಿತ್ರದ ಚಿತ್ರೀಕರಣಕ್ಕೆ ಅಲ್ಲಿ ಅನುಮತಿ ದೊರೆಯಿತು. ಮರಳದಿಬ್ಬಗಳನ್ನು ಹಿಡಿದಿಟ್ಟಿದ್ದ ಸಹಜ ಗಿಡಗಂಟಿಗಳನ್ನು ಕಿತ್ತು, ದಿಬ್ಬಗಳನ್ನು ಸಮಮಾಡಿ, ಹೊರಗಿನಿಂದ ತಂದ ತೆಂಗಿನ ಮರಗಳನ್ನು ನೆಟ್ಟರು. ಸ್ವರ್ಗವನ್ನು ತೋರಿಸಬೇಕಾದ ಚಿತ್ರಕ್ಕೆ ಅಲ್ಲಿದ್ದ ಸ್ವರ್ಗ ಸಾಲಲಿಲ್ಲ!

ಸ್ಥಳೀಯರು ಸುಮ್ಮನಿರಲಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಂಥ ಅಲ್ಲಿನ ಸ್ಥಳೀಯ ಆಡಳಿತ ಸಂಸ್ಥೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ಅಂತಿಮ ತೀರ್ಪು ಬಂದದ್ದು 2022ರ ಸೆಪ್ಟೆಂಬರಿನಲ್ಲಿ: ತೀರದ ಪುನಶ್ಚೇತನವನ್ನು ಅರಣ್ಯ ಇಲಾಖೆ ನಡೆಸಲೇಬೇಕೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಇಪ್ಪತ್ತಮೂರು ವರ್ಷ! ಹೋರಾಟಕ್ಕೆ ತಾಳ್ಮೆ ಬೇಕೆಂದು ನಮ್ಮ ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ಈ ನಡುವೆ ಸಿನಿಮಾ ನೋಡಿದ ಜಗತ್ತು ಕೊಲ್ಲಿಗೆ ನುಗ್ಗಿತು. ದಿನಕ್ಕೆ ಐದು ಸಾವಿರದವರೆಗೆ ಜನ, ನೂರಾರು ದೋಣಿ. ಹವಳವೆಂದರೆ ಬಣ್ಣದ ಕಲ್ಲಲ್ಲ. ಅದು ಜೀವಿಗಳ ವಸಾಹತು. ಗುಂಡುಕಲ್ಲಿನಂಥ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಮೊಮ್ಮಗನ ಕಾಲಕ್ಕೆ ಮೊಣಕಾಲೆತ್ತರ ಬರುವ ಆ ಬೆಳೆಯನ್ನು ಒಂದು ಲಂಗರು ಒಂದೇ ಏಟಿಗೆ ಒಡೆಯುತ್ತದೆ. ದೋಣಿಗಳು ಎಬ್ಬಿಸಿದ ಮರಳು ಮೇಲೆ ಕುಳಿತು ಉಳಿದದ್ದರ ಉಸಿರು ಕಟ್ಟುತ್ತದೆ. ಕೊಲ್ಲಿಯ ಹವಳದ ಬಹುಪಾಲು ನಾಶವಾದ ಮೇಲೆ, 2018ರ ಜೂನ್ 1ರಂದು ಸರ್ಕಾರ ಮಾಯಾ ಕೊಲ್ಲಿಯನ್ನು ಮುಚ್ಚಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರಂತೆ!

ಆದರೂ ಬಾಗಿಲು ಹಾಕಿದ್ದು ವ್ಯರ್ಥವಾಗಲಿಲ್ಲ. ನಾಲ್ಕು ತಿಂಗಳಿಗೆಂದು ಮುಚ್ಚಿದ್ದು ಮೂರೂವರೆ ವರ್ಷಕ್ಕೆ ಬೆಳೆಯಿತು. ಕಾಣೆಯಾಗಿದ್ದ ಕಪ್ಪು ತುದಿಯ ರೆಕ್ಕೆಯ ಶಾರ್ಕ್‌ಗಳು ಜನರಿಲ್ಲದ ಕೊಲ್ಲಿಗೆ ತಾವಾಗಿ ಮರಳಿದವು. ಸಾವಿರಾರು ಹವಳದ ತುಣುಕುಗಳನ್ನು ನೆಡಲಾಯಿತು. 2022ರ ಜನವರಿ 1ರಂದು ತೀರ ಮತ್ತೆ ತೆರೆದಾಗ ನಿಯಮಗಳು ಬದಲಾಗಿದ್ದವು: ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ, ದ್ವೀಪದ ಹಿಂಬದಿಯಲ್ಲಿ ಕಟ್ಟಬೇಕು; ಒಂದು ಹೊತ್ತಿಗೆ ಕೆಲವು ನೂರು ಜನರಿಗಷ್ಟೇ ಪ್ರವೇಶ; ಈಜುವಂತಿಲ್ಲ. ಅಂದಿನಿಂದ ಪ್ರತಿ ವರ್ಷ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಕೊಲ್ಲಿಗೆ ಪೂರ್ಣ ವಿಶ್ರಾಂತಿ. ಇದನ್ನು 1999ರಲ್ಲೇ ಮಾಡಿದ್ದರೆ ಏನು ಕಳೆದುಹೋಗುತ್ತಿತ್ತು ಎಂದು ಕೇಳಿದರೆ ಪ್ರವಾಸೋದ್ಯಮದ ವಕೀಲರ ಬಳಿ ಉತ್ತರವಿಲ್ಲ.

ತೀರದ ಹಿಂದೆ ಬೆಟ್ಟವಿದೆ

ದ್ವೀಪವೆಂದರೆ ಬರಿಯ ತೀರವೆಂದು ಜಾಹೀರಾತು ನಂಬಿಸುತ್ತದೆ. ಫುಕೆಟ್ ಮೂಲತಃ ಗುಡ್ಡಗಳ ದ್ವೀಪ. ನಮ್ಮ ಮೇಲೆ ಸುರಿಯುವ ನೈಋತ್ಯ ಮುಂಗಾರೇ ಅದರ ಪಶ್ಚಿಮದ ಅಂಚಿಗೂ ಅಪ್ಪಳಿಸುತ್ತದೆ. 2024ರ ಆಗಸ್ಟ್ 23ರ ಮುಂಜಾನೆ, ಭಾರೀ ಮಳೆಯಲ್ಲಿ, ಕರೋನ್ ಪ್ರದೇಶದ ಮೇಲಿನ ನಾಕ್ಕೆಡ್ ಬೆಟ್ಟ ಜಾರಿ 13 ಜನ ಸತ್ತರು. ಬೆಟ್ಟದ ನೆತ್ತಿಯಲ್ಲಿ ಪ್ರವಾಸಿಗರನ್ನು ಸೆಳೆಯುವ ಬೃಹತ್ ಬುದ್ಧನ ವಿಗ್ರಹವಿದೆ. ಅದರ ಸುತ್ತ ಕಾಡು ತೆರವು ಮಾಡಿ ನಡೆದ ನಿರ್ಮಾಣದ ಬಗ್ಗೆ ಪ್ರಶ್ನೆಗಳೆದ್ದವು, ಆವರಣವನ್ನು ಮುಚ್ಚಲಾಯಿತು. ಅದಕ್ಕೆ ಮೂರು ವಾರ ಮೊದಲು, ಜುಲೈ 30ರಂದು, ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಮಣ್ಣಾದದ್ದನ್ನು ನಾವು ಕಂಡಿದ್ದೆವು. ಕಡಲು ಬೇರೆ, ದೇಶ ಬೇರೆ; ಇಳಿಜಾರಿನ ನಿಯಮ ಒಂದೇ.

ದಕ್ಷಿಣ ಥಾಯ್ಲೆಂಡಿಗೆ ಈ ಪಾಠ ಹೊಸದಲ್ಲ. 1988ರ ನವೆಂಬರಿನಲ್ಲಿ ನಕೋನ್ ಸಿ ಥಮ್ಮರಾತ್ ಪ್ರಾಂತ್ಯದಲ್ಲಿ ಕಾಡು ಕಳೆದುಕೊಂಡ ಬೆಟ್ಟಗಳು ಕುಸಿದು, ಮಣ್ಣಿನೊಡನೆ ಮರದ ದಿಮ್ಮಿಗಳು ಹಳ್ಳಿಗಳ ಮೇಲೆ ಉರುಳಿ ನೂರಾರು ಜನ ಸತ್ತರು. ಮರುವರ್ಷದ ಜನವರಿಯಲ್ಲೇ ಸರ್ಕಾರ ಸಹಜಾರಣ್ಯದಲ್ಲಿ ಮರ ಕಡಿಯುವುದನ್ನು ದೇಶಾದ್ಯಂತ ನಿಷೇಧಿಸಿತು. ದಿಮ್ಮಿ ಎಳೆಯುತ್ತಿದ್ದ ಆನೆಗಳು ಕೆಲಸ ಕಳೆದುಕೊಂಡು ಮಾವುತರೊಡನೆ ಪ್ರವಾಸಿ ತಾಣಗಳಿಗೆ ಬಂದವು. ಕಾಡಿನ ಮರಣವನ್ನು ಹೊತ್ತು ತಂದ ಆನೆಯ ಬೆನ್ನಮೇಲೆ ಕುಳಿತು ಪ್ರವಾಸಿಗ ಛಾಯಾಚಿತ್ರ ತೆಗೆಸಿಕೊಳ್ಳುತ್ತಾನೆ.

ಫುಕೆಟಿನಲ್ಲಿ ಮೊದಲಿದ್ದದ್ದು ತವರದ ಗಣಿ. 1985ರಲ್ಲಿ ತವರದ ಮಾರುಕಟ್ಟೆ ಕುಸಿಯಿತು. 1986ರ ಜೂನಿನಲ್ಲಿ, ಮಾಲಿನ್ಯದ ಭಯದಿಂದ ಟ್ಯಾಂಟಲಂ ಕಾರ್ಖಾನೆಯ ವಿರುದ್ಧ ಬೀದಿಗಿಳಿದ ಜನರ ನಡುವೆ ಕಾರ್ಖಾನೆಗೆ ಬೆಂಕಿ ಬಿತ್ತು. ಗಣಿಯ ಜಾಗಕ್ಕೆ 'ಶುದ್ಧ ಉದ್ಯಮ'ವೆಂಬ ಹೆಸರಿನಲ್ಲಿ ಪ್ರವಾಸೋದ್ಯಮ ಬಂದಿತು. 2005ರ ಕೊನೆಗೆ ಕುದುರೆಮುಖದ ಗಣಿ ನಿಂತಾಗ ನಮಗೂ ಇದೇ ಮಂತ್ರವನ್ನು ಕೇಳಿಸಲಾಯಿತು. ಹೊಗೆಯ ಕೊಳವೆ ಇಲ್ಲವೆಂದ ಮಾತ್ರಕ್ಕೆ ಉದ್ಯಮ ಶುದ್ಧವಾಗದು. ಸಾಮುಯಿ ದ್ವೀಪದಲ್ಲಿ ಕಸ ಸುಡುವ ಸ್ಥಾವರ ಕೆಟ್ಟು ವರ್ಷಗಟ್ಟಲೆ ಕಸದ ಗುಡ್ಡ ಬೆಳೆಯಿತು. ಅಲ್ಲಿನ ದಾಹಕ್ಕೆ ಮುಖ್ಯಭೂಮಿಯಿಂದ ಸಮುದ್ರದಡಿಯ ಕೊಳವೆಯಲ್ಲಿ ನೀರು ತರಬೇಕಾಯಿತು. ನಾಲ್ಕೂ ದಿಕ್ಕಿಗೆ ನೀರಿರುವ ಊರಿಗೆ ಹೊರಗಿನಿಂದ ನೀರು!

ಕಡಲ ಮಕ್ಕಳ ಪಾಲು

ಅಂಡಮಾನ್ ಸಮುದ್ರದ ಈ ತೀರದಲ್ಲಿ ಹೋಟೆಲುಗಳಿಗಿಂತ ಬಹಳ ಮೊದಲಿನಿಂದ ಮೋಕೆನ್, ಮೋಕ್ಲೆನ್, ಉರಕ್ ಲಾವೊಯಿ ಎಂಬ ಕಡಲ ಸಮುದಾಯಗಳಿವೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಥಾಯ್ಲೆಂಡಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸುರಿನ್ ದ್ವೀಪದ ಮೋಕೆನ್ ಹಳ್ಳಿಯವರು ಮಾತ್ರ, ನೀರು ಹಿಂದೆ ಸರಿದದ್ದನ್ನು ಕಂಡೊಡನೆ, ಜನರನ್ನು ನುಂಗುವ ಅಲೆ ಬರುತ್ತದೆಂಬ ಹಿರಿಯರ ಕಥೆಯನ್ನು ನೆನೆದು ಎತ್ತರಕ್ಕೆ ಓಡಿದರು. ಬಹುತೇಕ ಎಲ್ಲರೂ ಉಳಿದರು.

ಜ್ಞಾನವಿದ್ದವರಿಗೆ ಪಹಣಿ ಇರಲಿಲ್ಲ. ಅಲೆ ಇಳಿದ ಮೇಲೆ ತೀರದ ಹಲವು ಹಳ್ಳಿಗಳಲ್ಲಿ ಕಾಗದ ಹಿಡಿದವರು ಬಂದು ನೆಲ ತಮ್ಮದೆಂದರು. 2016ರ ಜನವರಿಯಲ್ಲಿ ಫುಕೆಟಿನ ರವಾಯಿಯಲ್ಲಿ ಉರಕ್ ಲಾವೊಯಿ ಜನ ಸಮುದ್ರಕ್ಕೂ ತಮ್ಮ ಪೂಜಾಸ್ಥಳಕ್ಕೂ ಹೋಗುವ ದಾರಿಗೆ ಬಂಡೆಗಳನ್ನು ಅಡ್ಡ ಹಾಕಲಾಯಿತು. ಪ್ರತಿಭಟಿಸಿದವರು ಪೆಟ್ಟು ತಿಂದರು. 2022ರ ಕೊನೆಗೆ ಲೀಪೆ ದ್ವೀಪದಲ್ಲಿ ಶಾಲೆಗೆ ಹೋಗುವ ದಾರಿಗೇ ಬೇಲಿ ಬಿತ್ತು. ಸೊಪ್ಪಿನ ಬೆಟ್ಟಕ್ಕೂ ಕಾನಿಗೂ ಹೋಗುವ ದಾರಿಗೆ ರೆಸಾರ್ಟಿನ ಬೇಲಿ ಬಿದ್ದುದನ್ನು ಕಂಡ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಟ್ಟೆಪಾಡಿನ ವಾದ

'ಪ್ರವಾಸಿಗರು ಬರದಿದ್ದರೆ ಅಲ್ಲಿನವರು ಏನು ತಿನ್ನಬೇಕು?' ಎಂಬುದು ದೊಡ್ಡ ಆಕ್ಷೇಪ. ಇದನ್ನು ತಳ್ಳಿಹಾಕುವಂತಿಲ್ಲ. 2019ರಲ್ಲಿ ನಾಲ್ಕು ಕೋಟಿಯ ಹತ್ತಿರ ವಿದೇಶಿಯರು ಬಂದ ದೇಶಕ್ಕೆ, ಕೊರೊನಾ ಕಾಲದ 2021ರಲ್ಲಿ ಬಂದವರು ಐದು ಲಕ್ಷಕ್ಕೂ ಕಡಿಮೆ. ದೋಣಿಯವರು, ಅಡುಗೆಯವರು, ಹೋಟೆಲಿನ ಕೆಲಸದ ಹೆಣ್ಣುಮಕ್ಕಳು ನಿಜಕ್ಕೂ ಕಂಗಾಲಾದರು. ಆದರೆ ಇದರಿಂದ ಸಿದ್ಧವಾಗುವುದೇನು? ತೋಟದ ತುಂಬ ಅಡಿಕೆಯೊಂದನ್ನೇ ನಂಬಿ, ಹಳದಿ ಎಲೆ ರೋಗ ಬಂದಾಗ ತಲೆಮೇಲೆ ಕೈಹೊತ್ತು ಕುಳಿತವರ ಸ್ಥಿತಿ ಅದು. ಒಂದೇ ಬೆಳೆಗೆ ಜೋತುಬಿದ್ದ ಊರಿಗೆ ಮದ್ದು, ಅದೇ ಬೆಳೆಯನ್ನು ಇನ್ನಷ್ಟು ಒತ್ತಾಗಿ ನೆಡುವುದಲ್ಲ. ಹವಳ ಸತ್ತರೆ ದೋಣಿಯವನಿಗೂ ಅನ್ನವಿಲ್ಲ. ಮಿತಿ ಅವನ ಶತ್ರುವಲ್ಲ, ಅವನ ಜೀವವಿಮೆ.

ಇನ್ನೊಂದು ತುದಿಯಲ್ಲಿ 'ಯಾರೂ ಎಲ್ಲಿಗೂ ಹೋಗಬಾರದು' ಎನ್ನುವವರಿದ್ದಾರೆ. ಅದೂ ನಮಗೆ ಒಪ್ಪಿಗೆಯಿಲ್ಲ. ಕಡಲು ಕಾಣದ ಬೆಟ್ಟದ ಹುಡುಗಿಗೆ ಕಡಲನ್ನು ನೋಡುವ ಹಕ್ಕಿದೆ. ಹಕ್ಕಿನೊಡನೆ ಹೊಣೆಯೂ ಇದೆ ಎಂಬುದಷ್ಟೇ ನಮ್ಮ ಮಾತು. ನಮ್ಮ ಕರಾವಳಿಯ ಯಾಂತ್ರೀಕೃತ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲಿರುತ್ತವೆ. ಮೀನು ಮರಿಮಾಡಲೆಂದು ಮೀನುಗಾರ ತನ್ನ ದುಡಿಮೆಯನ್ನೇ ನಿಲ್ಲಿಸುತ್ತಾನೆ. ಥಾಯ್ಲೆಂಡಿನ ಸಿಮಿಲನ್, ಸುರಿನ್ ಉದ್ಯಾನಗಳೂ ಮಳೆಗಾಲದಲ್ಲಿ, ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮುಚ್ಚಿರುತ್ತವೆ. ಅನ್ನಕ್ಕಾಗಿ ಕಡಲಿಗಿಳಿಯುವವನು ಒಪ್ಪುವ ವಿಶ್ರಾಂತಿಯನ್ನು ವಿನೋದಕ್ಕಾಗಿ ಬರುವವನು ಏಕೆ ಒಪ್ಪಬಾರದು?

ನಾವು ಮಾಡಬೇಕಾದದ್ದು

ಅಲ್ಲಿಗೆ ಹೊರಡುವ ಯುವಮಿತ್ರರು ತಮ್ಮ ಪಟ್ಟಿಗೆ ಕೆಲವು ಸಾಲು ಸೇರಿಸಲಿ. ಮುಚ್ಚಿದ ತಿಂಗಳಲ್ಲಿ ಮುಚ್ಚಿದ ತಾಣಕ್ಕೆ ಹಿಂಬಾಗಿಲು ಹುಡುಕದಿರಲಿ. ಒಂದೇ ದಿನ ನಾಲ್ಕು ದ್ವೀಪ ಸುತ್ತುವ ವೇಗದ ದೋಣಿಯನ್ನು ಬಿಟ್ಟು, ಒಂದೇ ಊರಿನಲ್ಲಿ ಹೆಚ್ಚು ದಿನ ನಿಂತು ಅಲ್ಲಿನವರ ಮನೆಯಲ್ಲಿ ಉಣ್ಣಲಿ. ಹವಳವನ್ನು ತುಳಿಯದಿರಲಿ, ಆನೆ ಸವಾರಿಗೆ ಹಣ ಕೊಡದಿರಲಿ. ಹವಳಕ್ಕೆ ಮಾರಕವಾದ ರಾಸಾಯನಿಕಗಳಿರುವ ಬಿಸಿಲು ತಡೆಯುವ ಲೇಪಗಳನ್ನು ಆ ದೇಶದ ಸಮುದ್ರ ಉದ್ಯಾನಗಳಲ್ಲಿ 2021ರಲ್ಲೇ ನಿಷೇಧಿಸಲಾಗಿದೆಯೆಂಬುದನ್ನು ತಿಳಿದು ಹೊರಡಲಿ. ಇವೆಲ್ಲ ಸಣ್ಣ ಮಾತುಗಳೇ. ಇವುಗಳಿಂದಲೇ ದ್ವೀಪ ಉಳಿಯುತ್ತದೆಂದು ನಾವು ಹೇಳುವುದಿಲ್ಲ. ಕಾನೂನಿನ ಮಿತಿಯೇ ಮುಖ್ಯ. ಆದರೆ ಮಿತಿಯನ್ನು ಗೌರವಿಸಲು ಕಲಿತವನು ತನ್ನ ಊರಿಗೆ ಬಂದಾಗ ಮಿತಿಯನ್ನು ಕೇಳುವ ಧೈರ್ಯವನ್ನೂ ತರುತ್ತಾನೆ.

ಆ ಧೈರ್ಯ ನಮಗಿಂದು ಬೇಕಾಗಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಕಾಲುದಾರಿಯಲ್ಲಿ ಸಾವಿರಾರು ಚಾರಣಿಗರು ಸಾಲುಗಟ್ಟಿದ ಮೇಲಷ್ಟೇ ಸರ್ಕಾರ ಎಚ್ಚೆತ್ತಿತು. ಮುಳ್ಳಯ್ಯನಗಿರಿ ಶ್ರೇಣಿಗೆ 2025ರ ಸೆಪ್ಟೆಂಬರಿನಲ್ಲಿ ದಿನಕ್ಕೆ 1,200 ವಾಹನಗಳ ಮಿತಿ ಬಂದಿತು. ಮಿತಿ ಬಂದದ್ದು ಸ್ವಾಗತಾರ್ಹ. ಆದರೆ ವಾಹನಕ್ಕೆ ನಾಲ್ವರಂತೆ ಎಣಿಸಿದರೂ ದಿನಕ್ಕೆ ಐದು ಸಾವಿರದ ಹತ್ತಿರ ಜನ. ಮುಚ್ಚುವ ಮೊದಲು ಮಾಯಾ ಕೊಲ್ಲಿಗೆ ಬರುತ್ತಿದ್ದವರೂ ಅಷ್ಟೇ! ಬೆಟ್ಟದ ಹರವು ದೊಡ್ಡದು, ನಿಜ. ಆದರೆ ಈ ಸಂಖ್ಯೆಯನ್ನು ಶೋಲಾ ಕಾಡಿನ ನೀರನ್ನು ಅಳೆದು ಗೊತ್ತುಮಾಡಿದರೋ, ರಸ್ತೆಯ ಅಗಲವನ್ನು ಅಳೆದೋ?

ಈ ಪ್ರಶ್ನೆ ಮುಂದಿನ ಗ್ರಾಮಸಭೆಯಲ್ಲಿ ಬರಲಿ. ನಿಮ್ಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಎಷ್ಟು ರೆಸಾರ್ಟು, ಎಷ್ಟು ಹೋಂಸ್ಟೇ, ಅವು ಎತ್ತುವ ನೀರೆಷ್ಟು, ಬಿಡುವ ಕೊಳಚೆ ಯಾವ ಹಳ್ಳಕ್ಕೆ ಎಂಬ ಪಟ್ಟಿಯನ್ನು ವಿದ್ಯಾರ್ಥಿಗಳು ರಜೆಯಲ್ಲಿ ತಯಾರಿಸಲಿ. ಮಳೆಗಾಲದ ಎರಡು ತಿಂಗಳು ನೆತ್ತಿಯ ತಾಣಗಳನ್ನು ಮುಚ್ಚಬೇಕೆಂಬ ನಿರ್ಣಯವನ್ನು ಗ್ರಾಮಸಭೆ ಕೈಗೊಂಡು ಜಿಲ್ಲಾಡಳಿತಕ್ಕೆ ಕಳಿಸಲಿ. ಮಾಯಾ ಕೊಲ್ಲಿಯ ಶಾರ್ಕ್‌ಗಳು ಮೂರೂವರೆ ವರ್ಷದೊಳಗೆ ಮರಳಿದವು. ಜಾರಿಹೋದ ಬೆಟ್ಟ ಹಾಗೆ ಮರಳುವುದಿಲ್ಲ.