ಅಪ್ಪ-ಅಮ್ಮನಿಗೆ ಆಯುಷ್ಮಾನ್ ಕಾರ್ಡ್ ಇದೆ, ಮಗುವಿಗೆ ಯಾಕಿಲ್ಲ?

ಮನೇಲಿ ಅಪ್ಪ, ಅಮ್ಮ, ಅಜ್ಜಿ ಎಲ್ಲರ ಹತ್ರ ಆಯುಷ್ಮಾನ್ ಕಾರ್ಡ್ ಇರುತ್ತೆ. ಮೂರು ವರ್ಷದ ಮಗುವಿಗೆ ಮಾತ್ರ ಇರಲ್ಲ. ಕೇಳಿದ್ರೆ ‘ಚಿಕ್ಕದಲ್ವಾ, ಆಮೇಲೆ ಮಾಡಿಸಿದ್ರಾಯ್ತು’ ಅಂತಾರೆ.

ಯೋಜನೆಯಲ್ಲಿ ಮಕ್ಕಳಿಗೆ ಜಾಗ ಇಲ್ಲ ಅಂತೇನಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ. ಮಿತಿ ವರ್ಷಕ್ಕೆ 1.5 ಲಕ್ಷ ರೂ. ವಯಸ್ಸಿನ ಮಿತಿ ಇಲ್ಲ.

ಗಂಟು ಬಿದ್ದಿರೋದು ದಾಖಲೆಯಲ್ಲಿ. ಬಿಪಿಎಲ್ ಸೌಲಭ್ಯ ಸಿಗೋದು ರೇಷನ್ ಕಾರ್ಡ್ ಆಧಾರದ ಮೇಲೆ. ಅದರಲ್ಲಿ ಮಗುವಿನ ಹೆಸರು ಸೇರಿಸಲು ಆಧಾರ್ ಬೇಕು, ಆಧಾರ್‌ಗೆ ಜನನ ಪ್ರಮಾಣಪತ್ರ ಬೇಕು. ಒಂದು ಕೊಂಡಿ ಕಳಚಿದ್ರೆ ಉಳಿದದ್ದೆಲ್ಲ ನಿಂತಂತೆ. ರೇಷನ್ ಕಾರ್ಡ್ ತಿದ್ದುಪಡಿಗೆ ಯಾವಾಗಲೂ ಅವಕಾಶ ಇರಲ್ಲ. ಹಾಗಾಗಿ ಮಗು ಆಸ್ಪತ್ರೆ ಸೇರಿದ ಮೇಲೆ ಓಡಾಡಿದ್ರೆ ಕಷ್ಟ.

5 ವರ್ಷದೊಳಗಿನ ಮಗುವಿಗೆ ಬೆರಳಚ್ಚು ಇಲ್ಲದೆಯೇ, ತಂದೆ ಅಥವಾ ತಾಯಿಯ ಆಧಾರ್ ಜೋಡಿಸಿ ಆಧಾರ್ ಕೊಡ್ತಾರೆ. ಮೊದಲು ಅದನ್ನು ಮಾಡಿಸಿ, ನಂತರ ರೇಷನ್ ಕಾರ್ಡ್‌ಗೆ ಹೆಸರು ಸೇರಿಸಿ, ಆಮೇಲೆ ಗ್ರಾಮ ಒನ್ ಕೇಂದ್ರದಲ್ಲಿ ಆಯುಷ್ಮಾನ್ ಕಾರ್ಡ್ ಕೇಳಿ.

ಇನ್ನೊಂದು ಮಾತು: ತುರ್ತು ಇಲ್ಲದಿದ್ರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿಂದ ರೆಫರಲ್ ಸಿಕ್ಕರೆ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಸೌಲಭ್ಯ ಸಿಗುತ್ತೆ.

ಅಂಗಡಿ ಮಾಲೀಕರು ತಮ್ಮ ಕೆಲಸಗಾರರ ಮಕ್ಕಳ ಬಗ್ಗೆ ಒಮ್ಮೆ ವಿಚಾರಿಸಲಿ. ಅರ್ಧ ದಿನದ ರಜೆ ಕೊಟ್ಟರೆ ಆಗುವ ಕೆಲಸ, ಮುಂದೆ ಸಾಲ ತಪ್ಪಿಸಬಹುದು. ಮಾಹಿತಿಗೆ 104ಕ್ಕೆ ಕರೆ ಮಾಡಿ.