ನಾ ಮಾಡಿದ್ರೆ ಹವ್ಯಾಸ, ಅಂವ ಮಾಡಿದ್ರೆ ಕಳ್ಳಭಟ್ಟಿ?

ಬರೆಯದೆ ಬಹಳ ದಿನ ಆಗಿತ್ತು. ಕೆಲಸ, ರಿಲೀಸು, ಮತ್ತೆ ಕೆಲಸ.. ಅದೇ ಹಳೇ ನೆಪ. ಈ ಸಲ ಯುಗಾದಿಗೆ ಊರಿಗೆ ಹೋಗಿ ಬಂದ ಮೇಲೆ ತಲೆಯಲ್ಲಿ ಒಂದು ವಿಷಯ ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬುತ್ತಾ ಇದೆ, ಬರೆದು ಮುಗಿಸಿದರೆ ನೆಮ್ಮದಿ.

ಮೊದಲೇ ಹೇಳಿಬಿಡ್ತೀನಿ, ಇದು ಬಿಯರ್ ಬಗ್ಗೆ. ಕುಡಿಯೋದರ ಬಗ್ಗೆ ಅಲ್ಲ, ಮಾಡೋದರ ಬಗ್ಗೆ. ಮೂಗು ಮುರಿಯೋರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಅರ್ಧ ದಾರಿಯಲ್ಲಿ ನಮ್ಮ ಅಜ್ಜಿ ಬರ್ತಾಳೆ, ಅವಳಿಗೋಸ್ಕರವಾದ್ರೂ ಓದಿ :-)

ನಮ್ಮೂರು ನಾಗಾವಿ. ಗದಗಿನ ಮಗ್ಗುಲಲ್ಲೇ ಇದೆ. ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ಊರಿನ ಹೆಸರು ಹೇಳಿದರೆ "ಎಲ್ಲಿ ಬರ್ತದ ಅದು?" ಅಂತಿದ್ರು. ಈಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಅಲ್ಲೇ ಬಂದಿರೋದರಿಂದ "ಓ, ಯೂನಿವರ್ಸಿಟಿ ಊರು" ಅಂತಾರೆ. ಅಷ್ಟರ ಮಟ್ಟಿಗೆ ಬಡ್ತಿ ಸಿಕ್ಕಿದೆ. ಕರಿಮಣ್ಣು, ಹಿಂಗಾರಿ ಜೋಳ, ದೂರದಲ್ಲಿ ಕಪ್ಪತಗುಡ್ಡ, ಅದರ ಮೇಲೆ ತಿರುಗೋ ಗಾಳಿಯಂತ್ರಗಳು.. ಇಷ್ಟು ಸಾಕು ಪರಿಚಯಕ್ಕೆ.

ಈಗ ವಿಷಯಕ್ಕೆ ಬರ್ತೀನಿ. ಎರಡು ವರ್ಷದ ಹಿಂದೆ ಕಂಪನಿ ನನ್ನನ್ನು ಆನ್‌ಸೈಟ್ ಅಂತ ಅಮೆರಿಕದ ಮಿನಿಯಾಪೊಲಿಸ್‌ಗೆ ಕಳಿಸಿತ್ತು. ಜನವರಿ ತಿಂಗಳು, ಹೊರಗೆ ಮೈನಸ್ ಇಪ್ಪತ್ತು. ಶನಿವಾರ ಭಾನುವಾರ ಮಾಡೋಕೆ ಏನೂ ಇಲ್ಲ. ಆಫೀಸಿನ ಒಬ್ಬ ಸಹೋದ್ಯೋಗಿ ಮನೆಯಲ್ಲೇ ಬಿಯರ್ ಮಾಡ್ತಿದ್ದ, ಅವನು ಒಂದು ಗ್ಯಾಲನ್ ಕಿಟ್ ತಂದುಕೊಟ್ಟ. ಅಂದರೆ ಸುಮಾರು 3.8 ಲೀಟರ್. ಒಂದು ಗಾಜಿನ ಬುದ್ದಲಿ, ಬಾರ್ಲಿ ಮಾಲ್ಟಿನ ಪುಡಿ, ಹಾಪ್ಸ್ ಹೂವಿನ ಉಂಡೆಗಳು, ಒಂದು ಸಣ್ಣ ಪ್ಯಾಕೆಟ್ ಯೀಸ್ಟ್, ರಬ್ಬರ್ ಕೊಳವೆ, ಆಮೇಲೆ ಒಂದು ಹೈಡ್ರೋಮೀಟರ್. ಹೈಡ್ರೋಮೀಟರ್ ಅಂದರೆ ದ್ರವದಲ್ಲಿ ತೇಲಿಬಿಟ್ಟರೆ ಅದು ಎಷ್ಟು ದಪ್ಪ ಅಂತ ತೋರಿಸೋ ಗಾಜಿನ ಕೊಳವೆ. ನೀರಾದರೆ 1.000. ಸಕ್ಕರೆ ಹೆಚ್ಚಿದಷ್ಟೂ ಕೊಳವೆ ಮೇಲೆ ತೇಲುತ್ತೆ.

ನಾನು ಸಾಫ್ಟ್‌ವೇರ್ ಇಂಜಿನಿಯರ್ ಅಲ್ವಾ, ರೆಸಿಪಿಯನ್ನ ಕೋಡ್ ಥರ ಓದಿದೆ. ಮೊದಲು ಎಲ್ಲಾ ಪಾತ್ರೆ ಸ್ಯಾನಿಟೈಜ್ ಮಾಡು. ಮಾಲ್ಟನ್ನು ನೀರಿಗೆ ಹಾಕಿ ಒಂದು ಗಂಟೆ ಕುದಿಸು. ಶುರುವಿನಲ್ಲಿ ಹಾಪ್ಸ್ ಹಾಕಿದರೆ ಕಹಿ ಬರುತ್ತೆ, ಕೊನೆಯಲ್ಲಿ ಹಾಕಿದರೆ ಪರಿಮಳ. ಆಮೇಲೆ ಬೇಗ ತಣಿಸಿ ಯೀಸ್ಟ್ ಹಾಕು. ಬೇಗ ಯಾಕೆ ಅಂದರೆ ಉಗುರುಬೆಚ್ಚಗಿನ ಸಿಹಿ ನೀರು ಯೀಸ್ಟಿಗಷ್ಟೇ ಅಲ್ಲ, ಗಾಳಿಯಲ್ಲಿರೋ ಬ್ಯಾಕ್ಟೀರಿಯಾಗಳಿಗೂ ಹಬ್ಬದೂಟ.

ತಣಿಸೋದಕ್ಕೆ ನನ್ನ ಹತ್ರ ಮಹಾ ಐಡಿಯಾ ಇತ್ತು. ಬಾಲ್ಕನಿಯಲ್ಲಿ ಮಂಡಿಯುದ್ದ ಹಿಮ ಬಿದ್ದಿದೆ, ಪಾತ್ರೆಯನ್ನ ಅದರಲ್ಲಿ ಹೂತರಾಯ್ತು! ಹತ್ತು ನಿಮಿಷಕ್ಕೆ ಐಸಾಗುತ್ತೆ ಅಂದುಕೊಂಡೆ. ಮುಕ್ಕಾಲು ಗಂಟೆ ಆದಮೇಲೆ ಮುಟ್ಟಿದರೆ ಇನ್ನೂ ಕೈ ಸುಡ್ತಿದೆ. ಆಗಿದ್ದೇನಂದರೆ ಬಿಸಿ ಪಾತ್ರೆ ಸುತ್ತಲಿನ ಹಿಮವನ್ನ ಕರಗಿಸಿ ತಾನೇ ಒಂದು ಗೂಡು ಮಾಡ್ಕೊಂಡಿತ್ತು, ನಡುವೆ ಗಾಳಿ. ಹಿಮ ಕೂಡ ಅರ್ಧಕ್ಕಿಂತ ಹೆಚ್ಚು ಗಾಳಿಯೇ. ಸಿಂಕಿನಲ್ಲಿ ತಣ್ಣೀರು ಬಿಟ್ಟಿದ್ದರೆ ಅರ್ಧ ಗಂಟೆಯೂ ಬೇಕಿರಲಿಲ್ಲ. ಎರಡನೇ ಸೆಮಿಸ್ಟರಿನಲ್ಲಿ ಹೀಟ್ ಟ್ರಾನ್ಸ್‌ಫರ್ ಬಗ್ಗೆ ಏನು ಓದಿದ್ನೋ ದೇವರಿಗೇ ಗೊತ್ತು.

ಹೈಡ್ರೋಮೀಟರ್ 1.052 ತೋರಿಸ್ತು. ಯೀಸ್ಟ್ ಸಕ್ಕರೆ ತಿಂದು ಅದು 1.012ರ ಹತ್ರ ಇಳಿದರೆ ಮುಗೀತು, ಆಲ್ಕೋಹಾಲ್ ಸುಮಾರು 5.25 ಪರ್ಸೆಂಟ್. ಮೊದಲ ಮೂರು ದಿನ ಬುದ್ದಲಿ ಮೇಲಿನ ಏರ್‌ಲಾಕ್ ಬುಳಕ್ ಬುಳಕ್ ಅಂತ ರಾತ್ರಿಯೆಲ್ಲಾ ಮಾತಾಡ್ತಿತ್ತು. ಆಮೇಲೆ ಸುಮ್ಮನಾಯ್ತು. ಎಂಟನೇ ದಿನಕ್ಕೆ ನೋಡಿದೆ, 1.020. "ಗುಳ್ಳೆ ನಿಂತಿದೆ ಅಂದರೆ ಮುಗಿದಿದೆ" ಅಂತ ನಾನೇ ತೀರ್ಪು ಕೊಟ್ಟೆ. ಎರಡು ಮೂರು ದಿನ ಒಂದೇ ಅಂಕಿ ಬರೋವರೆಗೆ ಕಾಯಬೇಕು ಅಂತ ಪುಸ್ತಕದಲ್ಲಿ ಬರೆದಿತ್ತು. ನಾವು ಡಾಕ್ಯುಮೆಂಟೇಶನ್ ಓದೋ ಜಾತಿ ಅಲ್ಲವಲ್ಲ.. ಗ್ಯಾಸ್ ಬರಲಿ ಅಂತ 25 ಗ್ರಾಂ ಸಕ್ಕರೆ ಬೇರೆ ಸೇರಿಸಿ ಹತ್ತು ಬಾಟಲಿಗೆ ತುಂಬಿ, ಮುಚ್ಚಳ ಒತ್ತಿ, ಬೂಟಿನ ಕಪಾಟಿನಲ್ಲಿ ಇಟ್ಟೆ.

ಒಂಬತ್ತು ದಿನದ ಮೇಲೆ ರಾತ್ರಿ ಎರಡು ಗಂಟೆಗೆ ಢಂ! ಎದ್ದು ನೋಡಿದರೆ ಕಪಾಟಿನ ತುಂಬ ಗಾಜಿನ ಚೂರು, ಆಫೀಸಿನ ಬೂಟಿನೊಳಗೆ ಬಿಯರ್. ಉಳಿದಿದ್ದ ಸಕ್ಕರೆಯನ್ನ ಯೀಸ್ಟ್ ಬಾಟಲಿಯೊಳಗೇ ಕುಳಿತು ತಿಂದಿತ್ತು, ಗ್ಯಾಸಿಗೆ ಹೊರಗೆ ಹೋಗೋ ದಾರಿ ಇರಲಿಲ್ಲ. ಯಾರೂ ಹತ್ತಿರ ಇರಲಿಲ್ಲ, ನಮ್ಮ ಪುಣ್ಯ. ಉಳಿದ ಒಂಬತ್ತನ್ನ ದಪ್ಪ ಟವೆಲ್ ಸುತ್ತಿ, ಕನ್ನಡಕ ಹಾಕ್ಕೊಂಡು, ಒಂದೊಂದಾಗಿ ಸಿಂಕಿನಲ್ಲಿ ತೆಗೆದೆ. ಅರ್ಧ ನೊರೆಯಾಗಿ ಛಾವಣಿ ನೋಡ್ತು. ಉಳಿದದ್ದು ಕುಡಿದೆ. ಹಸಿ ಸೇಬುಹಣ್ಣಿನ ವಾಸನೆ, ಅವಸರ ಮಾಡಿದ್ದಕ್ಕೆ ಅದೇ ಗುರುತಂತೆ. ಆದರೂ ನಾನೇ ಮಾಡಿದ್ದು ಅನ್ನೋ ಖುಷಿ ಇತ್ತಲ್ಲ, ಅದು ಯಾವ ಪಬ್ಬಿನಲ್ಲೂ ಸಿಕ್ಕಿಲ್ಲ.

ಅಮೆರಿಕದಲ್ಲಿ ಇದಕ್ಕೆ ಯಾರ ಅಪ್ಪಣೆಯೂ ಬೇಡ. 1978ರಲ್ಲಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಒಬ್ಬ ವಯಸ್ಕ ವರ್ಷಕ್ಕೆ ನೂರು ಗ್ಯಾಲನ್ ಬಿಯರ್ ತನಗಾಗಿ ಮಾಡ್ಕೋಬಹುದು. ಮಾರೋ ಹಾಗಿಲ್ಲ, ಭಟ್ಟಿ ಇಳಿಸೋ ಹಾಗಿಲ್ಲ. ಅಲ್ಲೂ ಎಲ್ಲ ರಾಜ್ಯ ಒಪ್ಪೋ ಹೊತ್ತಿಗೆ 2013 ಆಯ್ತು ಅನ್ನೋದು ಬೇರೆ ಮಾತು. ಬ್ರಿಟನ್ನಿನಲ್ಲಿ 1963ರಲ್ಲೇ ಲೈಸೆನ್ಸ್ ತೆಗೆದುಹಾಕಿದ್ರು.

ವಾಪಸ್ ಬರುವಾಗ ಸೂಟ್‌ಕೇಸಿನಲ್ಲಿ ಹೈಡ್ರೋಮೀಟರ್ ಇತ್ತು, ತಲೆಯಲ್ಲಿ ಜೋಳ ಇತ್ತು. ಬಾರ್ಲಿ ನಮ್ಮದಲ್ಲ, ಜೋಳ ನಮ್ಮದು. ದಕ್ಷಿಣ ಆಫ್ರಿಕಾದ ಉಮ್‌ಕೊಂಬೋತಿ, ಬುರ್ಕಿನಾ ಫಾಸೋದ ಡೋಲೋ ಎರಡೂ ಜೋಳ ಮೊಳಕೆ ಬರಿಸಿ ಮಾಡೋ ಬಿಯರ್‌ಗಳೇ, ಮಾಡೋರು ಹೆಚ್ಚಾಗಿ ಹೆಂಗಸರು. 1988ರಲ್ಲಿ ನೈಜೀರಿಯಾ ಬಾರ್ಲಿ ಆಮದನ್ನ ನಿಲ್ಲಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೇ ಜೋಳಕ್ಕೆ ತಿರುಗಿದವು. ಹಾಗಾದ್ರೆ ನಾಗಾವಿ ಜೋಳಕ್ಕೇನು ಕಡಿಮೆ?

ಯುಗಾದಿ ಮರುದಿನ ಅಜ್ಜಿ ಹತ್ರ ಕೂತು ಸುಮ್ಮನೆ ಕೇಳಿದೆ, ಜೋಳ ಮೊಳಕೆ ಬರಿಸೋದು ಹೆಂಗ ಅಂತ. ಅವಳಿಗೆ ಎಲ್ಲಾ ಗೊತ್ತು. "ಒಂದ ರಾತ್ರಿ ನೆನಿ ಹಾಕು, ಬಸಿದು ಹಸಿ ಅರಿವ್ಯಾಗ ಕಟ್ಟು, ನೀರ ಚಿಮುಕಸ್ತಾ ಇರು. ಬಾಳ ಉದ್ದ ಬಿಡಬ್ಯಾಡ. ಆಮ್ಯಾಲ ಬಿಸಲಾಗ ಒಣಗಿಸಿ ತಿಕ್ಕಿ, ಬೇರು ಚಿಗುರು ಎಲ್ಲಾ ತೂರಿಬಿಡು. ಎಳೀ ಚಿಗುರು ತಿಂದ್ರ ದನಾನ ಸಾಯ್ತಾವು." ನನಗೆ ರೋಮಾಂಚನ ಆಯ್ತು ಕಣ್ರೀ. ಜೋಳದ ಚಿಗುರಿನಲ್ಲಿ ಧುರಿನ್ ಅಂತ ಒಂದು ವಸ್ತು ಇರುತ್ತೆ, ಅದರಿಂದ ಸೈನೈಡ್ ಹುಟ್ಟುತ್ತೆ, ಅದಕ್ಕೇ ಬೇರು ಚಿಗುರು ತೆಗೀಬೇಕು ಅಂತ ನಾನು ಹಿಂದಿನ ವಾರವಷ್ಟೇ ಓದಿದ್ದೆ. ಅವಳು ಅದನ್ನ ಯಾವ ಪೇಪರೂ ಓದದೆ ಹೇಳ್ತಾ ಇದ್ದಾಳೆ!

"ಯಾರಿಗೆ ಮಾಡಾಕತ್ತೀ, ಮಾಲ್ಟ್ ಪುಡಿ? ಸಣ್ಣ ಕೂಸಿಲ್ಲಲ್ಲ ಮನ್ಯಾಗ?" ಅಂದಳು. ಸುಳ್ಳು ಹೇಳಲಿಕ್ಕೆ ಬರಲಿಲ್ಲ. ಬಿಯರ್ ಅಂದೆ. ಅಮೆರಿಕದ ಕಥೆ, ಬೂಟಿನ ಕಥೆ ಎಲ್ಲಾ ಹೇಳಿದೆ, ನಗ್ತಾಳೆ ಅಂತ. ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ನಿಮ್ಮ ಕಾಕಾಗ ಏನಂತಿದ್ರು ಊರಾಗ?" ಅಂತ ಕೇಳಿದಳು.

ಕುಡುಕ ಅಂತಿದ್ರು. ನನಗೆ ಎಂಟು ವರ್ಷ ಇದ್ದಾಗ ಕಾಕಾ ಹೋದ. ಪಾಕೀಟು ಸಾರಾಯಿ. ಮೊದಲು ಅಜ್ಜಿ ಕೊರಳಿನ ಬೋರಮಾಳ ಹೋಯ್ತು, ಆಮೇಲೆ ಎತ್ತು, ಆಮೇಲೆ ಅವನು. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅಜ್ಜಿ ಒಂದು ದೀಪ ಹಚ್ಚಿಟ್ಟಿದ್ದು ನನಗೆ ನೆನಪಿದೆ. ಆಮೇಲೆ ಏನಾಯ್ತು ಅಂತ ನಿಮಗೂ ಗೊತ್ತು. ಪಾಕೀಟು ಹೋಯ್ತು, ಟೆಟ್ರಾ ಪ್ಯಾಕ್ ವಿಸ್ಕಿ ಬಂತು. ವರ್ಷ ತುಂಬೋದರೊಳಗೆ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಕೋಲಾರದ ಕಡೆ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಇದ್ದದ್ದು ಮೆಥನಾಲ್, ಕಾರ್ಖಾನೆ ವಿಷ. ಧಾನ್ಯ ಹುದುಗಿಸಿದರೆ ಹುಟ್ಟೋದಲ್ಲ ಅದು, ಲಾಭಕ್ಕೆ ಬೆರೆಸಿದ್ದು.

"ನೀ ಮಾಡಿದ್ರ ಹವ್ಯಾಸ ಅಂತೀ. ಕುಡದಾಂವ ನಿಮ್ಮ ಕಾಕಾ ಆದ್ರ ಚಟ" ಅಂದಳು ಅಜ್ಜಿ. ಎದ್ದು ಒಲೆ ಕಡೆ ಹೋದಳು.

ಕಾನೂನಿನ ಪ್ರಕಾರ ನೋಡಿದರೆ ನನ್ನದು ಹವ್ಯಾಸವೂ ಅಲ್ಲ. 1965ರ ಕರ್ನಾಟಕ ಅಬಕಾರಿ ಕಾಯಿದೆಯಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ, ಅದಕ್ಕೆ ಬೇಕಾದ ಸಾಮಾನು ಇಟ್ಕೊಳ್ಳೋದೂ ಅಪರಾಧ, ಜೈಲೂ ಉಂಟು. ನಾಲ್ಕು ಲೀಟರ್ ಬಿಯರ್ ಆದರೇನು, ಹಳ್ಳದ ದಂಡೆಯಲ್ಲಿ ನಾನೂರು ಲೀಟರ್ ಬೆಲ್ಲದ ಕೊಳೆ ಆದರೇನು, ಕಾಯಿದೆಯ ಕಣ್ಣಿಗೆ ಎರಡೂ ಒಂದೇ. ಒಪ್ಪಿದೆ. ಆದರೆ ನಮ್ಮ ಕಣ್ಣಿಗೆ? ಮಡಿಕೇರಿಗೆ ಹೋದವರೆಲ್ಲ "ಹೋಂ ಮೇಡ್ ವೈನ್" ಬೋರ್ಡು ನೋಡಿ ಎರಡು ಬಾಟಲಿ ತಂದಿರ್ತೀರಿ. ಆಗ ಯಾರಿಗೂ ಕಳ್ಳಭಟ್ಟಿ ನೆನಪಾಗಲ್ಲ. 2010ರ ಆಚೀಚೆ ಬೆಂಗಳೂರಿಗೆ ಮೈಕ್ರೋಬ್ರೂವರಿಗಳು ಬಂದಾಗಿನಿಂದ ನನ್ನ ಗೆಳೆಯರೆಲ್ಲ ಗ್ಲಾಸು ಮೂಗಿಗೆ ಹಿಡಿದು "ಸಿಟ್ರಸ್ ನೋಟ್ಸ್" ಅಂತಾರೆ (ನಾನೂ ಅಂದಿದ್ದೀನಿ, ಕ್ಷಮೆ ಇರಲಿ). ಅದೇ ಜನ ಗದಗ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ತೂರಾಡಿದರೆ ಮಾರು ದೂರ ಸರೀತಾರೆ. ಒಳಗೆ ಹೋಗಿರೋದು ಇಬ್ಬರಿಗೂ ಎಥನಾಲ್ಲೇ.

ನನ್ನ ಅಭಿಪ್ರಾಯ ಕೇಳ್ತೀರಾದ್ರೆ, ಮನೆಬಳಕೆಗೆ ಇಷ್ಟು ಲೀಟರ್, ಮಾರಾಟ ಇಲ್ಲ, ಭಟ್ಟಿ ಇಳಿಸೋ ಹಾಗಿಲ್ಲ ಅನ್ನೋ ಷರತ್ತಿನ ಮೇಲೆ ನಮ್ಮಲ್ಲೂ ಬಿಯರ್ ಮಾಡೋದಕ್ಕೆ ಅವಕಾಶ ಇರಬೇಕು. ಹುದುಗಿಸೋದು ಬೇರೆ, ಭಟ್ಟಿ ಇಳಿಸೋದು ಬೇರೆ. ಮೊದಲನೆಯದು ದೋಸೆ ಹಿಟ್ಟಿನ ಅಕ್ಕ, ಎರಡನೆಯದರಲ್ಲಿ ಬೆಂಕಿ, ಆವಿ, ಅಪಾಯ ಎಲ್ಲಾ ಇದೆ. ಕಾಯಿದೆ ಈ ವ್ಯತ್ಯಾಸ ಕಲೀಬೇಕು. ವರ್ಷಕ್ಕೆ ಮೂವತ್ತು ಸಾವಿರ ಕೋಟಿಗೂ ಮೇಲೆ ಅಬಕಾರಿ ಆದಾಯ ತಿನ್ನೋ ಸರ್ಕಾರ ನನ್ನ ಬುದ್ದಲಿಗೆ ಹೆದರೋದು ನಗು ಬರಿಸೋ ವಿಷಯ.

ಇಷ್ಟು ಹೇಳಿದ ಮೇಲೂ ಒಂದು ಕಡೆ ನಾನು ಸೋಲ್ತೀನಿ. ಮಿನಿಯಾಪೊಲಿಸ್‌ನಲ್ಲಿ ನಾನು ತಪ್ಪಿದರೆ ಬೂಟು ಒದ್ದೆಯಾಗುತ್ತೆ, ಅಷ್ಟೇ. ನಮ್ಮೂರಿನ ಮನೆಯಲ್ಲಿ ಬುದ್ದಲಿ ಇಟ್ಟರೆ, ಕುಡಿಯೋ ಗಂಡಸಿಗೆ ಅಂಗಡಿವರೆಗೆ ನಡೆಯೋ ಶ್ರಮವೂ ಉಳಿಯಿತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಕು ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದ್ರಲ್ಲ, ಅವರ ಮುಂದೆ ನಿಂತು "ಸಿಟ್ರಸ್ ನೋಟ್ಸ್" ಅನ್ನೋ ಧೈರ್ಯ ನನಗಿಲ್ಲ. ಅದಕ್ಕೇ ನನ್ನ ಕಾಯಿದೆಗೆ ಇನ್ನೊಂದು ಷರತ್ತು: ಅರ್ಜಿಯಲ್ಲಿ ಮನೆಯ ಹಿರಿ ಹೆಂಗಸಿನ ಸಹಿ ಇರಬೇಕು. ಅವಳು ಹೂಂ ಅಂದರೆ ಲೈಸೆನ್ಸ್, ಊಹೂಂ ಅಂದರೆ ಇಲ್ಲ, ಮೇಲ್ಮನವಿಯೂ ಇಲ್ಲ. ನಗಬೇಡಿ, ನಾನು ಸೀರಿಯಸ್ಸಾಗೇ ಹೇಳ್ತಿದ್ದೀನಿ.

ಆ ಲೆಕ್ಕದಲ್ಲಿ ನನ್ನ ಅರ್ಜಿ ಮೊದಲ ದಿನವೇ ತಿರಸ್ಕೃತ. ಜೋಳ ನೆನೆ ಹಾಕಲಿಲ್ಲ. ಆದರೆ ಹೊರಡೋ ದಿನ ಬ್ಯಾಗಿನಿಂದ ಹೈಡ್ರೋಮೀಟರ್ ಹೊರಗೆ ಬಿದ್ದಾಗ ಅಜ್ಜಿ "ಇದು ಡೇರ್ಯಾಗ ಹಾಲಿಗೆ ಹಾಕ್ತಾರಲ್ಲ, ಅದಲ್ಲೇನು?" ಅಂದಳು. ಹೌದಲ್ಲ! ಲ್ಯಾಕ್ಟೋಮೀಟರ್ ಕೂಡ ಇದೇ ಜಾತಿಯದು. ಒಳ್ಳೆ ಹಾಲು 1.028ರಿಂದ 1.032ರ ನಡುವೆ ಇರಬೇಕು. ಬೆಳಗ್ಗೆ ಬಂದ ಹಾಲನ್ನ ಉದ್ದನೆ ಲೋಟಕ್ಕೆ ಹಾಕಿ ತೇಲಿಬಿಟ್ಟೆ. ಬಿಸಿಲಿನ ಲೆಕ್ಕಕ್ಕೆ ಎರಡು ಮೂರು ಪಾಯಿಂಟ್ ಸೇರಿಸಿದರೂ 1.024 ದಾಟಲಿಲ್ಲ.

ಕೊಳವೆ ಈಗ ನಾಗಾವಿಯಲ್ಲೇ ಇದೆ, ದೇವರ ಜಗಲಿ ಪಕ್ಕದ ಗೂಡಿನಲ್ಲಿ, ಹತ್ತಿ ಸುತ್ತಿ ಇಟ್ಟಿದ್ದಾಳೆ. ಹಾಲಿನವನು ಎರಡು ದಿನ ಬರಲಿಲ್ಲವಂತೆ. ಮೂರನೇ ದಿನ ಬಂದ, ಹಾಲು ದಪ್ಪ ಇತ್ತು ಅಂತ ಫೋನಿನಲ್ಲಿ ಹೇಳಿದಳು.